ಪಿಯಾನೊದ ತಂತಿ ಬಿಗಿಯುವ ಪಿನ್‌ಗಳಿಗೆ ಗಿಟಾರಿನಂತೆ ಹಲ್ಲುಚಕ್ರ ಏಕಿಲ್ಲ?

ಮಂದ್ರಸ್ಥಾಯಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ನುಡಿಸುತ್ತಿರುವುದು ಹಳೆಯದೊಂದು ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ) ಪಿಯಾನೊ. ಶ್ರುತಿ ಮಾಡಿಸಿದ ಮೇಲೆ ಕೆಲವು ದಿನ ಎಲ್ಲವೂ ಸರಿಯಾಗಿರುತ್ತದೆ; ಆಮೇಲೆ ಮಧ್ಯಭಾಗದ ಕೆಲವು ಕೀಗಳಲ್ಲಿ, ಒಂದು ಸ್ವರಕ್ಕೆ ಇರುವ ಮೂರು ತಂತಿಗಳ ಪೈಕಿ ಯಾವುದೋ ಒಂದು ಮಾತ್ರ ಇಳಿದು, ಆ ಸ್ವರವು ಅಲೆಅಲೆಯಾಗಿ ಕೇಳಿಸತೊಡಗುತ್ತದೆ. ಕಳೆದ ಬಾರಿ ಬಂದಿದ್ದ ಟ್ಯೂನರ್ ಅವರು ಪಿನ್‌ಗಳು ಸಡಿಲವಾಗಿವೆಯೆಂದೂ ಮುಂದೆ ದಪ್ಪದ ಪಿನ್‌ಗಳನ್ನು ಹಾಕಬೇಕಾಗಬಹುದೆಂದೂ ಹೇಳಿದ್ದಾರೆ.

ಅದಾದ ಮೇಲೆ ಮುಚ್ಚಳ ತೆಗೆದು ಒಳಗೆ ನೋಡಿದೆ. ಇನ್ನೂರಕ್ಕೂ ಹೆಚ್ಚು ಉಕ್ಕಿನ ಪಿನ್‌ಗಳು ಸಾಲುಸಾಲಾಗಿ ನಿಂತಿವೆ. ಅವುಗಳಲ್ಲಿ ಹಲ್ಲುಚಕ್ರವಿಲ್ಲ, ನಟ್ ಇಲ್ಲ, ತಿರುಗದಂತೆ ತಡೆಯುವ ಕೊಂಡಿಯೂ ಇಲ್ಲ. ಮರದಲ್ಲಿ ಹೊಡೆದು ಕೂರಿಸಿದ ಮೊಳೆಗಳಂತೆಯೇ ಕಾಣುತ್ತವೆ. ಗಿಟಾರಿನಲ್ಲಿ ವರ್ಮ್ ಗೇರ್ (ತಿರುಪಿನಿಂದ ತಿರುಗುವ ಹಲ್ಲುಚಕ್ರ) ಇದೆ. ವಯೊಲಿನ್ ಮತ್ತು ತಂಬೂರಿಗಳ ಬಿರಡೆಗಳು ಘರ್ಷಣೆಯಿಂದಲೇ ನಿಲ್ಲುತ್ತವೆಯಾದರೂ ಸೂಕ್ಷ್ಮ ಶ್ರುತಿಗಾಗಿ ಒಂದರಲ್ಲಿ ಪುಟ್ಟ ತಿರುಪು, ಇನ್ನೊಂದರಲ್ಲಿ ಮಣಿ ಇರುತ್ತವೆ. ಇವೆಲ್ಲಕ್ಕಿಂತ ಹಲವು ಪಟ್ಟು ಹೆಚ್ಚಿನ ಬಿಗಿತ ಹೊತ್ತಿರುವ ಪಿಯಾನೊಗೆ ಮಾತ್ರ ಇಷ್ಟು ಸರಳ ವ್ಯವಸ್ಥೆಯೇ ಸಾಕೆಂದು ತಯಾರಕರು ನಿರ್ಧರಿಸಿದ್ದೇಕೆ? ಇದಕ್ಕಿಂತ ಉತ್ತಮವಾದುದನ್ನು ಯಾರೂ ಪ್ರಯತ್ನಿಸಲಿಲ್ಲವೇ? ನನ್ನಂಥವರ ವಾದ್ಯಕ್ಕೆ ಅಂಥದ್ದೇನನ್ನಾದರೂ ಈಗ ಅಳವಡಿಸಲು ಸಾಧ್ಯವೇ? ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಉಕ್ಕಿನತಂತಿ:

ಪಿನ್‌ಗಳು ಮೊಳೆಗಳಂತೆ ಕಂಡರೂ ಅವುಗಳ ಕೆಲಸ ಬೇರೆಯೇ ಆಗಿದೆ. ಅವುಗಳನ್ನು ಬ್ರೇಕ್ ಎಂದು ಭಾವಿಸಿಕೊಂಡರೆ ಮುಂದಿನದು ಅರ್ಥವಾಗುವುದು ಸುಲಭ. ಪ್ರತಿಯೊಂದು ಪಿನ್ನೂ ಸುಮಾರು 7 ಮಿ.ಮೀ. ದಪ್ಪ, 6 ಸೆಂ.ಮೀ. ಉದ್ದದ ಉಕ್ಕಿನ ಸರಳು. ಅದರ ಮೈಮೇಲೆ ಬಹಳ ನವಿರಾದ ಗೀರುಗಳಿರುತ್ತವೆ. ಅವು ತಿರುಪಿನ ಎಳೆಗಳಂತೆ ಮರವನ್ನು ಕೊರೆದುಕೊಂಡು ಹೋಗಲು ಇರುವಂಥವಲ್ಲ, ಹಿಡಿತಕ್ಕಾಗಿ ಮತ್ತು ಬೇಕಾದಾಗ ಪಿನ್ನನ್ನು ತಿರುಗಿಸಿ ಹೊರತೆಗೆಯಲು ಇರುವಂಥವು. ಮೇಲ್ತುದಿ ಚೌಕಾಕಾರವಾಗಿ ಮೊನಚಾಗುತ್ತಾ ಹೋಗಿದ್ದು, ಟ್ಯೂನರ್ ಬಳಸುವ ಲಿವರ್‌ನ ನಕ್ಷತ್ರಾಕಾರದ ಬಾಯಿ ಅದರ ಮೇಲೆ ಕೂರುತ್ತದೆ. ಚೌಕದ ಸ್ವಲ್ಪ ಕೆಳಗಿನ ರಂಧ್ರದಲ್ಲಿ ತಂತಿಯ ತುದಿಯನ್ನು ಸಿಕ್ಕಿಸಿ, ಸಾಮಾನ್ಯವಾಗಿ ಮೂರು ಸುತ್ತು ಸುತ್ತಿರುತ್ತಾರೆ.

ಈ ಪಿನ್ ಕಬ್ಬಿಣದ ಚೌಕಟ್ಟಿನಲ್ಲಿರುವ ದೊಡ್ಡ ರಂಧ್ರದ ಮೂಲಕ ಹಾದು ಹಿಂದಿರುವ ಪಿನ್ ಬ್ಲಾಕ್ ಎಂಬ ದಪ್ಪ ಹಲಗೆಯೊಳಗೆ ಇಳಿದಿರುತ್ತದೆ. ಆ ಹಲಗೆಯನ್ನು ಗಟ್ಟಿ ಮೇಪಲ್ ಅಥವಾ ಬೀಚ್ ಮರದ ಪದರಗಳನ್ನು, ಒಂದರ ಎಳೆ ಇನ್ನೊಂದರ ಎಳೆಗೆ ಅಡ್ಡವಾಗುವಂತೆ ಅಂಟಿಸಿ ಮಾಡಿರುತ್ತಾರೆ. ಮರದ ರಂಧ್ರವು ಪಿನ್ನಿಗಿಂತ ಕೂದಲೆಳೆಯಷ್ಟು ಕಿರಿದಾಗಿರುವುದರಿಂದ ಮರವು ಪಿನ್ನನ್ನು ಸುತ್ತಲಿಂದಲೂ ಅಮುಕಿ ಹಿಡಿಯುತ್ತದೆ. ಒಂದೇ ತುಂಡಿನ ಮರವಾಗಿದ್ದರೆ ಅದು ಎಳೆಯ ದಿಕ್ಕಿನಲ್ಲಿ ಒಂದು ರೀತಿ, ಅಡ್ಡಕ್ಕೆ ಇನ್ನೊಂದು ರೀತಿ ಹಿಗ್ಗಿ ಕುಗ್ಗುತ್ತಿದ್ದು, ದುಂಡಗಿನ ರಂಧ್ರ ಕ್ರಮೇಣ ಅಂಡಾಕಾರವಾಗಿಬಿಡುತ್ತಿತ್ತು. ಪದರಗಳನ್ನು ಅಡ್ಡಡ್ಡವಾಗಿ ಜೋಡಿಸಿದಾಗ ಪ್ರತಿಯೊಂದು ಪಿನ್ನಿಗೂ ಎಲ್ಲ ದಿಕ್ಕಿನಿಂದಲೂ ಎಳೆಯ ತುದಿಗಳು ಎದುರಾಗುತ್ತವೆ. ಹಿಡಿತ ಬರುವುದು ಮುಖ್ಯವಾಗಿ ಅಲ್ಲಿಂದಲೇ.

ಈ ಹಿಡಿತ ಎಷ್ಟಿರಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮಧ್ಯದ ಎ ಸ್ವರವನ್ನು, ಎಂದರೆ 440 ಹರ್ಟ್ಸ್‌ನದನ್ನು ತೆಗೆದುಕೊಳ್ಳೋಣ. ತಂತಿಯ ದಪ್ಪ 1 ಮಿ.ಮೀ. ಮತ್ತು ಅದರ ಕಂಪಿಸುವ ಭಾಗ 40 ಸೆಂ.ಮೀ. ಎಂದಿಟ್ಟುಕೊಂಡರೆ ಬಿಗಿತ ಸುಮಾರು 78 ಕೆ.ಜಿ. ತೂಕಕ್ಕೆ ಸಮನಾಗುತ್ತದೆ. ಪಿನ್ನಿನ ನಡುವಿನಿಂದ ತಂತಿಯ ನಡುವಿನವರೆಗೆ 4 ಮಿ.ಮೀ. ದೂರವಿರುವುದರಿಂದ ಆ ತಂತಿಯು ಪಿನ್ನನ್ನು ಹಿಂದಕ್ಕೆ ತಿರುಗಿಸಲು ಹಾಕುವ ಟಾರ್ಕ್ (ತಿರುಗಿಸುವ ಬಲ) ಹೆಚ್ಚೆಂದರೆ 3 ನ್ಯೂಟನ್-ಮೀಟರ್. ಒಳ್ಳೆಯ ಸ್ಥಿತಿಯಲ್ಲಿರುವ ಪಿನ್ ಬ್ಲಾಕ್ 10 ನ್ಯೂಟನ್-ಮೀಟರ್ ಅಥವಾ ಅದಕ್ಕೂ ಹೆಚ್ಚಿನ ಟಾರ್ಕನ್ನು ತಡೆದುಕೊಳ್ಳುತ್ತದೆ. ಅಂದರೆ ಅಗತ್ಯಕ್ಕಿಂತ ಮೂರು ಪಟ್ಟು ಹಿಡಿತ ಕೈಯಲ್ಲಿದೆ. ಅದು 4 ಅಥವಾ 5ಕ್ಕೆ ಇಳಿದಾಗಲೇ ತೊಂದರೆ ಕಾಣಿಸಿಕೊಳ್ಳುವುದು. ನೋಡಲು ಒರಟಾಗಿದ್ದರೂ ಈ ವ್ಯವಸ್ಥೆಯು ತಂತಿಯನ್ನು ಹಿಡಿದಿಡುವ ಕೆಲಸದಲ್ಲಿ ಹಿಂದೆಬೀಳುವಂಥದ್ದಲ್ಲ.

ಆದರೆ ಸೂಕ್ಷ್ಮತೆಯ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಅರ್ಧಸ್ವರದ ನೂರನೆಯ ಒಂದು ಪಾಲನ್ನು ಸೆಂಟ್ ಎನ್ನುತ್ತಾರೆ. ಮೇಲಿನ ತಂತಿಯ ಶ್ರುತಿಯನ್ನು ಒಂದು ಸೆಂಟ್ ಏರಿಸಬೇಕಾದರೆ ಬಿಗಿತವನ್ನು ಸುಮಾರು 90 ಗ್ರಾಂ ಹೆಚ್ಚಿಸಬೇಕು. ತುದಿಯಿಂದ ತುದಿಗೆ 70 ಸೆಂ.ಮೀ. ಇರುವ ಆ ಉಕ್ಕಿನ ತಂತಿ ಅದಕ್ಕಾಗಿ ಹಿಗ್ಗಬೇಕಾದದ್ದು ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲು ಮಾತ್ರ. ಪಿನ್ ತಿರುಗಬೇಕಾದದ್ದು ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಪಾಲಿಗಿಂತ ಚೂರು ಹೆಚ್ಚು. 30 ಸೆಂ.ಮೀ. ಉದ್ದದ ಲಿವರ್ ಹಿಡಿದವರ ಕೈ ಚಲಿಸಬೇಕಾದದ್ದು ಸುಮಾರು 0.3 ಮಿ.ಮೀ. ಅತಿ ಮೇಲಿನ ಸ್ವರಗಳಲ್ಲಿ ತಂತಿ ಇನ್ನೂ ಗಿಡ್ಡವಾಗಿರುವುದರಿಂದ ಈ ಅಳತೆ ಮತ್ತೂ ಅರ್ಧವಾಗುತ್ತದೆ. ಒಂದೇ ಸ್ವರದ ಮೂರು ತಂತಿಗಳನ್ನು ಅಲೆಯಿಲ್ಲದಂತೆ ಕೂಡಿಸಲು ಒಂದು ಸೆಂಟಿನ ವ್ಯತ್ಯಾಸವೂ ಹೆಚ್ಚಾಗುತ್ತದೆಯೆಂಬುದನ್ನು ನೆನಪಿಟ್ಟುಕೊಂಡರೆ, ಟ್ಯೂನರ್‌ಗಳು ವರ್ಷಗಟ್ಟಲೆ ಅಭ್ಯಾಸ ಮಾಡುವುದು ಏತಕ್ಕಾಗಿ ಎಂಬುದು ತಿಳಿಯುತ್ತದೆ.

ಇನ್ನೊಂದು ತೊಡಕಿದೆ. ಲಿವರನ್ನು ಎಳೆದಾಗ ಪಿನ್ನಿನ ತಲೆ ಮೊದಲು ತಿರುಗುತ್ತದೆ. ಮರದೊಳಗಿರುವ ಬುಡ ಆಮೇಲೆ ತಿರುಗುತ್ತದೆ. ನಡುವಿನ ಉಕ್ಕು ಅಷ್ಟರಮಟ್ಟಿಗೆ ತಿರುಚಿಕೊಂಡಿರುತ್ತದೆ. 10 ನ್ಯೂಟನ್-ಮೀಟರ್ ಟಾರ್ಕಿಗೆ, ಎರಡೂವರೆ ಸೆಂಟಿಮೀಟರ್ ಉದ್ದದ ಭಾಗದಲ್ಲಿ ಈ ತಿರುಚು ಸುಮಾರು ಮುಕ್ಕಾಲು ಡಿಗ್ರಿಯಷ್ಟಾಗುತ್ತದೆ. ಮೇಲಿನ ಲೆಕ್ಕದ ಪ್ರಕಾರ ಅದು ಹತ್ತು ಸೆಂಟಿಗೂ ಮಿಕ್ಕಿದ ಅಂತರ. ಅಂದರೆ ಬುಡ ಕದಲದೆಯೇ ಸ್ವರವು ಸರಿಯಾದಂತೆ ಕೇಳಿಸಬಹುದು. ಲಿವರ್ ಬಿಟ್ಟೊಡನೆ, ಅಥವಾ ಇನ್ನೂ ಕೆಟ್ಟದ್ದೆಂದರೆ ಕೆಲವು ದಿನ ಜೋರಾಗಿ ನುಡಿಸಿದ ಮೇಲೆ, ಆ ತಿರುಚು ಬಿಚ್ಚಿಕೊಂಡು ಶ್ರುತಿ ಇಳಿಯಬಹುದು. ಪಿನ್ ತಿರುಚಿಕೊಳ್ಳುವುದರ ಜೊತೆಗೆ ಲಿವರಿನ ಭಾರಕ್ಕೆ ಪಕ್ಕಕ್ಕೂ ಬಾಗುತ್ತದೆ. ಆದ್ದರಿಂದ ಅನುಭವಿಗಳು ಸ್ವರವನ್ನು ಬೇಕಾದುದಕ್ಕಿಂತ ಚೂರು ಮೇಲಕ್ಕೆ ಒಯ್ದು, ಬುಡ ನಿಜವಾಗಿಯೂ ತಿರುಗಿತೆಂಬುದನ್ನು ಕೈಯಲ್ಲಿ ಗ್ರಹಿಸಿ, ಬಳಿಕ ನಿಧಾನವಾಗಿ ಹಿಂದಕ್ಕೆ ಒತ್ತಿ, ತಿರುಚೂ ತಂತಿಯ ಎಳೆತವೂ ಸಮತೂಗುವ ಜಾಗದಲ್ಲಿ ಬಿಡುತ್ತಾರೆ. ಇದನ್ನು ಪಿನ್ ನಿಲ್ಲಿಸುವುದು ಎನ್ನಬಹುದು. ಶ್ರುತಿ ಮಾಡುವುದು ಕಿವಿಯ ಕೆಲಸವೆಂದು ಜನ ತಿಳಿದಿರುತ್ತಾರೆ. ಕಿವಿಗೆ ಈಗ ಎಲೆಕ್ಟ್ರಾನಿಕ್ ಸಾಧನಗಳ ನೆರವು ಸಿಗುತ್ತದೆ, ಕೈಗೆ ಮಾತ್ರ ಅಂಥ ನೆರವು ಸಿಕ್ಕಿಲ್ಲ.

ಹಾಗಿದ್ದರೆ ಹಲ್ಲುಚಕ್ರವೇ ವಾಸಿಯಲ್ಲವೇ? ಹದಿನೈದಕ್ಕೆ ಒಂದರಂತೆ ತಿರುಗುವ ವರ್ಮ್ ಗೇರ್ ಹಾಕಿದರೆ ಮೇಲಿನ ಅಳತೆಗಳೆಲ್ಲ ಹದಿನೈದು ಪಟ್ಟು ಸಡಿಲವಾಗುತ್ತವೆ ಎಂಬುದು ನಿಜ. ಆದರೆ ಗಿಟಾರಿನ ಒಂದು ತಂತಿಯ ಬಿಗಿತ ಸಾಮಾನ್ಯವಾಗಿ ಹತ್ತು ಕೆ.ಜಿ.ಯ ಆಸುಪಾಸು, ತಂತಿಗಳು ಆರು. ಇಲ್ಲಿ ಒಂದೊಂದಕ್ಕೂ 70ರಿಂದ 90 ಕೆ.ಜಿ., ತಂತಿಗಳು ಸುಮಾರು 230. ಒಟ್ಟು ಎಳೆತ 18ರಿಂದ 20 ಟನ್. ಆ ಭಾರ ತಾಳುವ ಗೇರ್ ಪೆಟ್ಟಿಗೆಗಳನ್ನು, ಒಂದು ಸ್ವರಕ್ಕೆ ಮೂರರಂತೆ, ಬೆರಳಗಲದ ಜಾಗದಲ್ಲಿ ಕೂರಿಸಬೇಕು. ಅವುಗಳಲ್ಲಿ ಯಾವೊಂದೂ, ಕೀ ಒತ್ತಿದಾಗ ತಂತಿಗೆ ಬಡಿಯುವ ಸುತ್ತಿಗೆಯ ಹೊಡೆತಕ್ಕೆ ಅದುರಿ ಸದ್ದು ಮಾಡಬಾರದು. ಅದಕ್ಕಿಂತ ದೊಡ್ಡ ಅಡ್ಡಿಯೆಂದರೆ, ಗೇರ್ ಪಿನ್ನನ್ನು ಮಾತ್ರ ಸೂಕ್ಷ್ಮವಾಗಿ ತಿರುಗಿಸುತ್ತದೆ, ತಂತಿ ಮಾತ್ರ ಆ ಸೂಕ್ಷ್ಮತೆಗೆ ಓಗೊಡುವುದಿಲ್ಲ. ಪಿನ್ನಿನಿಂದ ಹೊರಟ ತಂತಿ ಫೆಲ್ಟ್ ಪಟ್ಟಿಯ ಮೇಲೆ, ಆಮೇಲೆ ಅಗ್ರಾಫ್ ಎಂಬ ಹಿತ್ತಾಳೆಯ ರಂಧ್ರದಲ್ಲಿ ಅಥವಾ ಕಬ್ಬಿಣದ ಅಡ್ಡಪಟ್ಟಿಯ ಕೆಳಗೆ ಕೋನ ಮಾಡಿಕೊಂಡು ಹಾಯುತ್ತದೆ. ಅಲ್ಲಿಂದ ಕುದುರೆಯ (ತಂತಿಗಳು ಒರಗಿ ನಿಲ್ಲುವ ಮರದ ಪಟ್ಟಿಯ) ಮೇಲಿನ ಓರೆ ಮೊಳೆಗಳ ನಡುವೆ ನುಸುಳಿ ಹಿಂದಿನ ಗೂಟಕ್ಕೆ ಹೋಗುತ್ತದೆ. ಪ್ರತಿಯೊಂದು ತಿರುವಿನಲ್ಲೂ ಘರ್ಷಣೆಯಿದೆ. ಆದ್ದರಿಂದ ಪಿನ್ನಿನ ಕಡೆಯ ತುಂಡಿನ ಬಿಗಿತವೂ ಕಂಪಿಸುವ ಭಾಗದ ಬಿಗಿತವೂ ಒಂದೇ ಆಗಿರಬೇಕಾಗಿಲ್ಲ. ತಿರುಗಿಸುತ್ತಾ ಹೋದಂತೆ ಸ್ವರ ಕದಲದೆ ನಿಂತಿದ್ದು, ಇದ್ದಕ್ಕಿದ್ದಂತೆ ಎರಡು ಸೆಂಟ್ ಜಿಗಿಯುವುದು ಇದರಿಂದಲೇ. ಟ್ಯೂನರ್‌ಗಳು ಕೀಯನ್ನು ಬಲವಾಗಿ ಬಡಿಯುವುದು ಸಿಟ್ಟಿನಿಂದಲ್ಲ. ಈ ತುಂಡುಗಳ ಬಿಗಿತ ಒಂದಾಗಲಿ ಎಂದು. ಪಿನ್ನಿನ ಜಾಗದಲ್ಲಿ ಎಂಥ ನಾಜೂಕಿನ ಯಂತ್ರವನ್ನು ಇಟ್ಟರೂ ಈ ಕೆಲಸ ತಪ್ಪುವುದಿಲ್ಲ.

ಹಳೆಯವಾದ್ಯ:

ಮೇಲಿನ ವಿವರಣೆಗೆ ಇತಿಹಾಸದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ಉತ್ತಮವಾದುದನ್ನು ಯಾರೂ ಪ್ರಯತ್ನಿಸಲಿಲ್ಲವೇ ಎಂಬ ಪ್ರಶ್ನೆಗೆ ಉತ್ತರವಿರುವುದು ಅಲ್ಲಿ.

1700ರ ಸುಮಾರಿಗೆ ಫ್ಲಾರೆನ್ಸ್‌ನಲ್ಲಿ ಮೊದಲ ಪಿಯಾನೊ ರಚಿಸಿದ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಮೂಲತಃ ಹಾರ್ಪ್ಸಿಕಾರ್ಡ್ (ತಂತಿಗಳನ್ನು ಮೀಟಿ ನುಡಿಸುವ ಹಳೆಯ ಕೀಬೋರ್ಡ್ ವಾದ್ಯ) ತಯಾರಕ. ಹಾರ್ಪ್ಸಿಕಾರ್ಡಿನ ತೆಳು ತಂತಿಗಳಿಗೆ ಮರದಲ್ಲಿ ಹೂತ ಪಿನ್ ಧಾರಾಳವಾಗಿ ಸಾಕಾಗಿತ್ತು, ಹೊಸ ವಾದ್ಯಕ್ಕೂ ಅದೇ ಬಂತು. ಆದರೆ ಅವನು ಅದನ್ನು ಕಣ್ಣುಮುಚ್ಚಿ ನಕಲು ಮಾಡಲಿಲ್ಲ. ಇಂದು ಉಳಿದಿರುವ ಅವನ ಮೂರು ಪಿಯಾನೊಗಳು 1720, 1722 ಮತ್ತು 1726ರವು; ಅವನ ರಚನೆಯಲ್ಲಿ ಪಿನ್‌ಗಳು ಹಲಗೆಯನ್ನು ಪೂರ್ತಿ ತೂರಿಕೊಂಡು ಕೆಳಗೆ ಹೊರಬಂದಿರುತ್ತವೆ, ತಂತಿಯನ್ನು ಆ ಕೆಳತುದಿಗೆ ಸುತ್ತಲಾಗಿರುತ್ತದೆ, ಶ್ರುತಿ ಮಾಡುವುದು ಮಾತ್ರ ಮೇಲಿನಿಂದ. ಸುತ್ತಿಗೆ ಕೆಳಗಿನಿಂದ ಮೇಲಕ್ಕೆ ಹೊಡೆದಾಗ ತಂತಿಯು ತನ್ನ ಆಧಾರದಿಂದ ಎದ್ದುಹೋಗುವ ಬದಲು ಆಧಾರಕ್ಕೇ ಒತ್ತಿಕೊಳ್ಳುತ್ತದೆಯೆಂಬುದು ಈ ತಲೆಕೆಳಗಾದ ಜೋಡಣೆಯ ಲಾಭ. 1808ರಲ್ಲಿ ಸೆಬಾಸ್ಟಿಯನ್ ಎರಾರ್ ಅಗ್ರಾಫ್ ಅನ್ನು ತಂದದ್ದೂ ಇದೇ ಸಮಸ್ಯೆಗೆ ಇನ್ನೊಂದು ಉತ್ತರವಾಗಿ.

ಆಮೇಲೆ ಬದಲಾದದ್ದು ಪಿನ್ ಅಲ್ಲ, ಅದರ ಸುತ್ತಲಿನ ರಚನೆ. ದೊಡ್ಡ ಸಭಾಂಗಣಗಳಿಗೆ ದೊಡ್ಡ ನಾದ ಬೇಕಾಯಿತು. ತಂತಿ ದಪ್ಪವಾಯಿತು, ಬಿಗಿತ ಏರಿತು, ಮರದ ಚೌಕಟ್ಟು ಬಾಗತೊಡಗಿತು. ಬಾಸ್ಟನ್‌ನ ಆಲ್ಫಿಯಸ್ ಬ್ಯಾಬ್‌ಕಾಕ್ 1825ರಲ್ಲಿ ಚೌಕಾಕೃತಿಯ ಪಿಯಾನೊಗೆ ಒಂದೇ ಎರಕದ ಕಬ್ಬಿಣದ ಚೌಕಟ್ಟಿನ ಪೇಟೆಂಟ್ ಪಡೆದ. ಜೋನಾಸ್ ಚಿಕರಿಂಗ್ 1843ರಲ್ಲಿ ಅದನ್ನು ಗ್ರ್ಯಾಂಡ್ ಪಿಯಾನೊಗೆ ಹೊಂದಿಸಿದ. ಚೌಕಟ್ಟು ಕಬ್ಬಿಣವಾದರೂ ಪಿನ್ ಹಿಡಿಯುವ ಹಲಗೆ ಮರವಾಗಿಯೇ ಉಳಿದದ್ದು ಸೋಮಾರಿತನದಿಂದಲ್ಲ ಎಂಬುದು ನನ್ನ ಅಭಿಪ್ರಾಯ. ಮರವು ಅಮುಕಿದರೆ ತಗ್ಗಿ, ಬಿಟ್ಟರೆ ಮರಳಿ ಉಬ್ಬುವ ಗುಣವುಳ್ಳದ್ದು. ಅದೇ ಗುಣದಿಂದ ಅದು ಪಿನ್ನನ್ನು ದಶಕಗಳ ಕಾಲ ಒಂದೇ ಹದದಲ್ಲಿ ಹಿಡಿದಿರಬಲ್ಲದು. ಲೋಹದ ರಂಧ್ರದಲ್ಲಿ ಲೋಹದ ಪಿನ್ ಇಟ್ಟರೆ ಒಂದೋ ಅದು ಕಚ್ಚಿಕೊಂಡು ತಿರುಗಲೊಲ್ಲದು, ಇಲ್ಲವೇ ಜಾರಿಬಿಡುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ವೆಗ್‌ಮನ್ ಎಂಬ ತಯಾರಕರು ಮರದ ಹಲಗೆಯನ್ನೇ ಕೈಬಿಟ್ಟು ಪಿನ್‌ಗಳನ್ನು ನೇರವಾಗಿ ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸಿದ್ದರು. ಆ ಪದ್ಧತಿ ಬೇರೆಯವರಲ್ಲಿ ಬೇರೂರಲಿಲ್ಲ.

ನೀವು ಕೇಳುತ್ತಿರುವುದಕ್ಕೆ ಅತಿ ಹತ್ತಿರದ ಪ್ರಯೋಗವನ್ನು ನಡೆಸಿದವರು ಬಾಸ್ಟನ್‌ನ ಮೇಸನ್ ಅಂಡ್ ಹ್ಯಾಮ್ಲಿನ್. ಅವರು 1880ರ ದಶಕದಲ್ಲಿ ಸ್ಕ್ರೂ ಸ್ಟ್ರಿಂಗರ್ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದರು. ಅದರಲ್ಲಿ ಸುತ್ತುವ ಪಿನ್ನೇ ಇಲ್ಲ. ತಂತಿಯ ತುದಿಯನ್ನು ಒಂದು ತಿರುಪಿಗೆ ಸಿಕ್ಕಿಸಿರುತ್ತಾರೆ. ತಿರುಪು ಕಬ್ಬಿಣದ ಚೌಕಟ್ಟಿನ ಭಾಗವಾಗಿಯೇ ಇರುವ ಒಂದು ಅಂಚಿನ ಮೂಲಕ ಹಾದಿರುತ್ತದೆ. ಚಿಕ್ಕ ಕೀಲಿಯಿಂದ ನಟ್ ತಿರುಗಿಸಿದರೆ ತಿರುಪು ನೇರವಾಗಿ ಹಿಂದಕ್ಕೆ ಸರಿದು ತಂತಿಯನ್ನು ಎಳೆಯುತ್ತದೆ. ಉಕ್ಕಿನತಂತಿಯವರ ಲೆಕ್ಕವನ್ನೇ ಮುಂದುವರಿಸುವುದಾದರೆ, ಒಂದು ಸುತ್ತಿಗೆ 1 ಮಿ.ಮೀ. ಸರಿಯುವ ತಿರುಪಿನಲ್ಲಿ ಒಂದು ಸೆಂಟಿಗೆ ನಟ್ ಸುಮಾರು ಒಂದೂವರೆ ಡಿಗ್ರಿ ತಿರುಗಬೇಕಾಗುತ್ತದೆ. ಸಾಮಾನ್ಯ ಪಿನ್ನಿಗೆ ಹೋಲಿಸಿದರೆ ಅದು ಇಪ್ಪತ್ತೈದು ಪಟ್ಟು ಆರಾಮದ ಕೆಲಸ. ಮರದ ಹಿಡಿತದ ಚಿಂತೆಯಂತೂ ಇಲ್ಲವೇ ಇಲ್ಲ.

ಇಷ್ಟೆಲ್ಲ ಅನುಕೂಲವಿದ್ದರೂ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಕಂಪನಿಯೇ ಅದನ್ನು ಬಿಟ್ಟು ಸಾಮಾನ್ಯ ಪಿನ್‌ಗಳಿಗೆ ಮರಳಿತು. ವ್ಯವಸ್ಥೆಯ ಸ್ವರೂಪವನ್ನು ನೋಡಿದರೆ ತೊಡಕುಗಳನ್ನು ಊಹಿಸುವುದು ಕಷ್ಟವಲ್ಲ. ತಿರುಪು ಸರಿಯಬಲ್ಲ ದೂರಕ್ಕೆ ಮಿತಿಯಿದೆ. ಹೊಸ ತಂತಿ ಶ್ರುತಿಗೆ ಬರುವವರೆಗೆ ಮೂರು ಮಿಲಿಮೀಟರಿಗೂ ಮಿಕ್ಕಿ ಹಿಗ್ಗುತ್ತದೆ, ಬಾಗುಗಳು ನೇರವಾಗುತ್ತಾ ಇನ್ನಷ್ಟು ಕೊಡುತ್ತದೆ. ಆದ್ದರಿಂದ ತಂತಿಯನ್ನು ಮೊದಲೇ ನಿಖರವಾಗಿ ಅಳೆದು ಕುಣಿಕೆ ಹಾಕಬೇಕು. ಪಿನ್ನಿನಲ್ಲಾದರೆ ಆ ತಾಪತ್ರಯವಿಲ್ಲ, ಉಳಿದದ್ದನ್ನು ಸುತ್ತಿಬಿಟ್ಟರಾಯಿತು. ಸುಮಾರು 230 ತಿರುಪುಗಳನ್ನೂ ನಟ್‌ಗಳನ್ನೂ ಕಟೆಯುವ ಖರ್ಚು ಬೇರೆ. ಇಂದು ಅಂಥ ವಾದ್ಯ ಯಾರಲ್ಲಾದರೂ ಇದ್ದರೆ ಅದಕ್ಕೆ ಹೊಂದುವ ಕೀಲಿಯನ್ನೂ ಬಿಡಿಭಾಗಗಳನ್ನೂ ವಿಶೇಷವಾಗಿ ಮಾಡಿಸಬೇಕಾಗುತ್ತದೆ. ಹೊಸ ಪದ್ಧತಿಯೊಂದು ತಾಂತ್ರಿಕವಾಗಿ ಮೇಲಾಗಿದ್ದೂ ಸೋತ ಉದಾಹರಣೆಗಳಲ್ಲಿ ಇದೂ ಒಂದೆಂದು ನಾನು ಎಣಿಸುತ್ತೇನೆ. ಇದನ್ನು ಒಪ್ಪದವರೂ ಇದ್ದಾರೆ.

ಇನ್ನೊಂದು ಕುತೂಹಲದ ದಾರಿಯೂ ಇದೆ. ತಂತಿಗಳನ್ನು ಚೂರು ಏರುಶ್ರುತಿಯಲ್ಲಿಟ್ಟು, ಪ್ರತಿಯೊಂದರಲ್ಲೂ ಸ್ವಲ್ಪ ವಿದ್ಯುತ್ ಹರಿಸಿ, ಆ ಬಿಸಿಗೆ ತಂತಿ ಹಿಗ್ಗಿ ಸರಿಯಾದ ಸ್ವರಕ್ಕೆ ಇಳಿಯುವಂತೆ ಮಾಡುವ ಸ್ವಯಂಚಾಲಿತ ವ್ಯವಸ್ಥೆಯನ್ನು ಈ ಶತಮಾನದ ಆರಂಭದಲ್ಲಿ ರೂಪಿಸಲಾಗಿತ್ತು. ತಂತಿ ಮಾತ್ರ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಮೇಲೆ ಹೇಳಿದ ಎ ಸ್ವರ ಸುಮಾರು ಎರಡು ಸೆಂಟ್ ಇಳಿಯುತ್ತದೆಯಾದ್ದರಿಂದ ತತ್ತ್ವವಂತೂ ಸರಿಯೇ. ಅಂಗಡಿಯಿಂದ ತಂದ ಪಿಯಾನೊಗಳಲ್ಲಿ ಅದನ್ನು ಕಾಣುವ ಕಾಲ ಬಂದಿಲ್ಲ.

ಒಣಹವೆ:

ಚರ್ಚೆ ಪಿನ್ನಿನ ಸುತ್ತಲೇ ಸುತ್ತುತ್ತಿದೆ. ಪಿಯಾನೊ ಶ್ರುತಿ ತಪ್ಪಲು ಹೆಚ್ಚಿನ ವಾದ್ಯಗಳಲ್ಲಿ ಕಾರಣ ಪಿನ್ ಅಲ್ಲ, ಸೌಂಡ್ ಬೋರ್ಡ್. ತಂತಿಯ ನಾದವನ್ನು ದೊಡ್ಡದಾಗಿಸುವ, ಸ್ಪ್ರೂಸ್ ಮರದ ಆ ತೆಳು ಹಲಗೆ ತುಸು ಉಬ್ಬಿರುವಂತೆ ರಚಿತವಾಗಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ಅದು ಇನ್ನಷ್ಟು ಉಬ್ಬಿ ಕುದುರೆಯನ್ನು ಎತ್ತುತ್ತದೆ, ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಒಣಗಿದಾಗ ತಗ್ಗಿ ಶ್ರುತಿ ಇಳಿಯುತ್ತದೆ. ಮಧ್ಯಭಾಗದಲ್ಲಿ ಈ ಏರಿಳಿತ ಹೆಚ್ಚು, ಎರಡು ತುದಿಗಳಲ್ಲಿ ಕಡಿಮೆ. ಹಾಗಾಗಿ ವಾದ್ಯವು ಒಟ್ಟಾರೆ ಏರಿ ಇಳಿಯುವುದಲ್ಲದೆ ತನ್ನೊಳಗೇ ಅಪಶ್ರುತಿಯಾಗುತ್ತದೆ. ಮೇಸನ್ ಅಂಡ್ ಹ್ಯಾಮ್ಲಿನ್ನರ ತಿರುಪು ಹಾಕಿದರೂ, ಚಿನ್ನದ ಗೇರ್ ಹಾಕಿದರೂ ಇದು ತಪ್ಪುವುದಿಲ್ಲ. ಪ್ರಶ್ನೆ ಕೇಳಿದವರು ಹೊಸ ಪಿನ್‌ಗಳಿಗೆ ಹಣ ಸುರಿಯುವ ಮೊದಲು ಒಂದು ತೇವಮಾಪಕವನ್ನು ಪಿಯಾನೊ ಬಳಿ ಇಟ್ಟು, ಕೋಣೆಯ ಸಾಪೇಕ್ಷ ತೇವಾಂಶ ಶೇ. 40ರಿಂದ 50ರ ನಡುವೆ ಸ್ಥಿರವಾಗಿದೆಯೇ ಎಂದು ನೋಡಲಿ.

ಮಂದ್ರಸ್ಥಾಯಿ:

ಮೂವರಿಗೂ ಕೃತಜ್ಞತೆಗಳು. ಗೇರ್ ಅಳವಡಿಸುವ ಆಸೆಯನ್ನು ಸಂತೋಷದಿಂದಲೇ ಬಿಟ್ಟಿದ್ದೇನೆ. ಒಣಹವೆಯವರ ಮಾತಿನ ಬಗ್ಗೆ ಮಾತ್ರ ಒಂದು ಸಂದೇಹ. ತೇವದಿಂದ ಆಗುವ ಬದಲಾವಣೆಯಾದರೆ ಒಂದು ಸ್ವರದ ಮೂರೂ ತಂತಿಗಳು ಒಟ್ಟಿಗೆ ಏರಬೇಕು ಅಥವಾ ಇಳಿಯಬೇಕಲ್ಲವೇ? ನನ್ನ ಪಿಯಾನೊದಲ್ಲಿ ಮೂರರಲ್ಲಿ ಒಂದು ತಂತಿ ಮಾತ್ರ ಇಳಿಯುತ್ತದೆ, ಅದೂ ಪ್ರತಿ ಬಾರಿ ಹೆಚ್ಚುಕಡಿಮೆ ಅದೇ ತಂತಿಗಳು. ಆ ಪಿನ್‌ಗಳು ತಿರುಗುತ್ತಿವೆಯೇ ಎಂದು ತಿಳಿಯಲು ಅವುಗಳ ತಲೆಯ ಮೇಲೂ ಚೌಕಟ್ಟಿನ ಮೇಲೂ ಪೆನ್ಸಿಲ್ಲಿನಿಂದ ಗೆರೆ ಎಳೆದು ಇಡೋಣವೆಂದುಕೊಂಡಿದ್ದೇನೆ. ಮತ್ತೊಂದು ವಿಷಯ: ದಪ್ಪದ ಪಿನ್ ಹಾಕುವ ಬದಲು ತೆಳುವಾದ ಸೂಪರ್ ಗ್ಲೂ ಬಿಟ್ಟರೆ ಸಾಕೆಂದು ಕೆಲವರು ಹೇಳುತ್ತಾರೆ. ಅದು ನಂಬಬಹುದಾದ ಉಪಾಯವೇ?

ಉಕ್ಕಿನತಂತಿ:

ಗೆರೆ ಎಳೆಯುವುದರಿಂದ ಉಪಯೋಗವಿಲ್ಲ. ಪಿನ್ ಒಂದು ಡಿಗ್ರಿ ತಿರುಗಿದರೆ ಸ್ವರ ಹದಿನೆಂಟು ಸೆಂಟ್‌ನಷ್ಟು ಇಳಿದಿರುತ್ತದೆ, ಅಂದರೆ ಯಾರಿಗಾದರೂ ಕೇಳಿಸುವಷ್ಟು. ಆದರೆ ಪಿನ್ನಿನ ಅಂಚಿನಲ್ಲಿ ಆ ಒಂದು ಡಿಗ್ರಿಯ ಚಲನೆ 0.06 ಮಿ.ಮೀ. ಮಾತ್ರ. ಪೆನ್ಸಿಲ್ಲಿನ ಗೆರೆಯೇ ಅದಕ್ಕಿಂತ ಹಲವು ಪಟ್ಟು ದಪ್ಪ.

ನಿಮ್ಮ ತರ್ಕ ಬಹುಮಟ್ಟಿಗೆ ಸರಿ. ಮೂರು ತಂತಿಗಳ ಉದ್ದಗಳು ಕುದುರೆಯ ಮೇಲೆ ಚೂರು ಬೇರೆ ಬೇರೆಯಾಗಿರುವುದರಿಂದ ತೇವಾಂಶವೂ ಅವುಗಳ ನಡುವೆ ಸಣ್ಣ ಅಂತರವನ್ನು ತರಬಲ್ಲದು; ಆದರೆ ಪ್ರತಿ ಸಲ ಅದೇ ತಂತಿ, ಅದೂ ಕೆಲವೇ ದಿನಗಳಲ್ಲಿ ಇಳಿಯುವುದಾದರೆ ಸಂಶಯ ಪಿನ್ನಿನ ಮೇಲೆಯೇ ಹೋಗಬೇಕು. ಆಗಲೂ ಎರಡು ಸಾಧ್ಯತೆಗಳಿವೆ. ಪಿನ್ ನಿಜವಾಗಿಯೂ ಸಡಿಲವಾಗಿರಬಹುದು, ಅಥವಾ ಪಿನ್ ಗಟ್ಟಿಯಾಗಿಯೇ ಇದ್ದು ಅದನ್ನು ನಿಲ್ಲಿಸುವ ಕೆಲಸ ಸರಿಯಾಗಿ ಆಗದಿರಬಹುದು. ಇವೆರಡನ್ನೂ ಬೇರ್ಪಡಿಸುವುದು ಸುಲಭ. ಮುಂದಿನ ಸಲ ಟ್ಯೂನರ್ ಬಂದಾಗ ಆ ಪಿನ್‌ಗಳ ಟಾರ್ಕನ್ನು ಟಾರ್ಕ್ ರೆಂಚ್‌ನಿಂದ ಅಳೆದು, ತೊಂದರೆಯಿಲ್ಲದ ಅಕ್ಕಪಕ್ಕದ ಪಿನ್‌ಗಳೊಂದಿಗೆ ಹೋಲಿಸುವಂತೆ ಕೇಳಿಕೊಳ್ಳಿ. ಉಳಿದ ಪಿನ್‌ಗಳು 8 ಅಥವಾ 9 ತೋರಿಸಿ, ತೊಂದರೆಯವು 4 ತೋರಿಸಿದರೆ ಅನುಮಾನಕ್ಕೆ ಎಡೆಯಿಲ್ಲ. ಎಲ್ಲವೂ ಒಂದೇ ಆಗಿದ್ದರೆ ಹಣ ಖರ್ಚು ಮಾಡಬೇಕಾದದ್ದು ಪಿನ್ನಿನ ಮೇಲಲ್ಲ. ಸಡಿಲ ಪಿನ್‌ಗಳು ಎಲ್ಲಿವೆ ಎಂಬುದೂ ಮುಖ್ಯ. ಅಲ್ಲೊಂದು ಇಲ್ಲೊಂದು ಇದ್ದರೆ ಆಯಾ ರಂಧ್ರಗಳು ಸವೆದಿವೆಯೆಂದು ತಿಳಿಯಬಹುದು. ಒಂದೇ ಸಾಲಿನಲ್ಲಿ ಒತ್ತೊತ್ತಾಗಿದ್ದರೆ ಪಿನ್ ಬ್ಲಾಕ್‌ನಲ್ಲಿ ಬಿರುಕು ಓಡಿರುವ ಅಥವಾ ಪದರಗಳು ಬಿಟ್ಟಿರುವ ಸಂಭವವಿದೆ.

ಈ ವ್ಯತ್ಯಾಸದ ಮೇಲೆಯೇ ಚಿಕಿತ್ಸೆ ನಿರ್ಧಾರವಾಗುತ್ತದೆ. ಸವೆದ ರಂಧ್ರಕ್ಕೆ ದಪ್ಪದ ಪಿನ್ ಒಳ್ಳೆಯ ಪರಿಹಾರ. ಪಿನ್‌ಗಳು ಒಂದು ಅಳತೆಯಿಂದ ಮುಂದಿನದಕ್ಕೆ ಸುಮಾರು 0.1 ಮಿ.ಮೀ.ನಷ್ಟು ದಪ್ಪವಾಗುತ್ತಾ ಹೋಗುತ್ತವೆ. ಒಂದು ಅಥವಾ ಎರಡು ಅಳತೆ ಮೇಲಕ್ಕೆ ಹೋದರೆ ಸಾಮಾನ್ಯವಾಗಿ ಸಾಕು. ಬಿರುಕು ಬಿಟ್ಟ ಹಲಗೆಯಲ್ಲಾದರೆ ದಪ್ಪದ ಪಿನ್ನೇ ಬೆಣೆಯಾಗಿ ಬಿರುಕನ್ನು ಅಗಲಿಸುತ್ತದೆ. ಅಂಥಲ್ಲಿ ನೀವು ಕೇಳಿದ ಸೂಪರ್ ಗ್ಲೂ, ಎಂದರೆ ಸೈಯಾನೋಅಕ್ರಿಲೇಟ್ ಅಂಟಿನ ನೀರಿನಷ್ಟೇ ತೆಳುವಾದ ಬಗೆ, ಹೆಚ್ಚು ಸೂಕ್ತ. ಅದು ಪಿನ್ನಿನ ಸುತ್ತಲಿನ ಸಂದಿಗಳಿಗೆ ತಾನಾಗಿಯೇ ಇಳಿದು ಮರದ ಎಳೆಗಳನ್ನು ಗಟ್ಟಿಗೊಳಿಸುತ್ತದೆ. ಪಿನ್ ಅದರಿಂದ ಶಾಶ್ವತವಾಗಿ ಅಂಟಿಕೊಳ್ಳುವುದಿಲ್ಲ. ಮೊದಲ ಸಲ ತಿರುಗಿಸುವಾಗ ಒಂದು ಚಿಟಕಿ ಸದ್ದು ಬಂದು, ಆಮೇಲೆ ಎಂದಿನಂತೆ, ಆದರೆ ಬಿಗಿಯಾಗಿ ತಿರುಗುತ್ತದೆ. ಆದ್ದರಿಂದ ಇದು ನಂಬಬಹುದಾದ ಉಪಾಯವೇ. ಮುಂದೆ ದಪ್ಪದ ಪಿನ್ ಹಾಕುವ ದಾರಿಯೂ ಇದರಿಂದ ಮುಚ್ಚಿಹೋಗುವುದಿಲ್ಲ.

ಒಂದು ಎಚ್ಚರಿಕೆ. ಪಿನ್ ತಿರುಗಿಸುವಾಗ ಕಿರುಗುಟ್ಟುತ್ತದೆಯೆಂದು ಯಾರಾದರೂ ಎಣ್ಣೆ ಬಿಡಲು ಸಲಹೆ ಕೊಟ್ಟರೆ ಕೇಳಬೇಡಿ. ಈ ಇಡೀ ವ್ಯವಸ್ಥೆ ನಿಂತಿರುವುದು ಘರ್ಷಣೆಯ ಮೇಲೆ. ಎಣ್ಣೆ ಕುಡಿದ ಮರಕ್ಕೆ ಆಮೇಲೆ ಅಂಟೂ ಹಿಡಿಯುವುದಿಲ್ಲ.

ಹಳೆಯವಾದ್ಯ:

ಅಂಟಿನ ವಿಷಯದಲ್ಲಿ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ದಿನನಿತ್ಯ ನುಡಿಸುವ ಸಾಧಾರಣ ಅಪ್‌ರೈಟ್‌ಗೆ ಅದು ಸರಿ, ಹೊಸ ಪಿನ್ ಬ್ಲಾಕ್ ಹಾಕಿಸುವ ಖರ್ಚು ವಾದ್ಯದ ಬೆಲೆಯನ್ನೇ ಮೀರುವ ಸಂದರ್ಭದಲ್ಲಂತೂ ಬೇರೆ ದಾರಿಯೇ ಇಲ್ಲ. ಆದರೆ ಐತಿಹಾಸಿಕ ಮೌಲ್ಯವುಳ್ಳ ವಾದ್ಯಕ್ಕೆ ಮರಳಿ ತೆಗೆಯಲಾಗದ ಯಾವುದನ್ನೂ ಸುರಿಯಬಾರದು. ನಿಮ್ಮದು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ. ಕಬ್ಬಿಣದ ಚೌಕಟ್ಟಿನ ಮೇಲೆ ಅಥವಾ ಒಳಭಾಗದಲ್ಲಿ ಎಲ್ಲಾದರೂ ಸಾಮಾನ್ಯವಾಗಿ ಕ್ರಮಸಂಖ್ಯೆ ಇರುತ್ತದೆ, ಅದರಿಂದ ತಯಾರಾದ ವರ್ಷವನ್ನು ಪತ್ತೆಹಚ್ಚಬಹುದು.

ಅಂಟು ಹಾಕಿಸುವುದೆಂದು ನಿರ್ಧರಿಸಿದರೆ ಆ ಕೆಲಸವನ್ನು ಟ್ಯೂನರ್ ಕೈಯಲ್ಲೇ ಮಾಡಿಸಿ. ನೀರಿನಷ್ಟು ತೆಳುವಾದ ಆ ಅಂಟು ಅಪ್‌ರೈಟ್‌ನಲ್ಲಿ ಪಿನ್ನಿನಿಂದ ಕೆಳಕ್ಕೆ ಹರಿದು ತಂತಿಗಳ ಮೇಲೂ ಸುತ್ತಿಗೆಗಳ ಮೇಲೂ ತೊಟ್ಟಿಕ್ಕಬಲ್ಲದು, ಆದ್ದರಿಂದ ಸುತ್ತಿಗೆಗಳ ಜೋಡಣೆಯನ್ನು ಪೂರ್ತಿ ಹೊರತೆಗೆದಿಟ್ಟೇ ಕೆಲಸ ಶುರುಮಾಡಬೇಕು. ಸಾಧ್ಯವಾದರೆ ವಾದ್ಯವನ್ನು ಬೆನ್ನಿನ ಮೇಲೆ ಮಲಗಿಸಿದರೆ ಇನ್ನೂ ಒಳ್ಳೆಯದು. ಅದರ ಆವಿ ಕಣ್ಣು ಮೂಗುಗಳನ್ನು ಉರಿಸುತ್ತದೆಯಾದ್ದರಿಂದ ಕಿಟಕಿಗಳು ತೆರೆದಿರಲಿ. ಅಂಟು ಚೆನ್ನಾಗಿ ಒಣಗುವವರೆಗೆ ಪಿನ್‌ಗಳನ್ನು ಮುಟ್ಟದೆ ಬಿಟ್ಟು, ಅದಾದ ಮೇಲೆ ಟಾರ್ಕನ್ನು ಇನ್ನೊಮ್ಮೆ ಅಳೆಸಿ. ಹಿಂದಿನ ಅಳತೆಯನ್ನು ಬರೆದಿಟ್ಟುಕೊಂಡಿದ್ದರೆ ಎರಡನೆಯ ಸುತ್ತು ಬೇಕೇ ಬೇಡವೇ ಎಂಬುದನ್ನು ಅಲ್ಲೇ ತೀರ್ಮಾನಿಸಬಹುದು.